ಇಸಿಜಿಗೆ ಮುಂಚೆ ಸೊಂಟ ಅಳೆಯಿರಿ: ಹಾಸನದ ಆಡಳಿತಕ್ಕೂ ಜನಕ್ಕೂ ಒಬ್ಬ ಟೈಲರ್ ಬರೆದ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ, ಮತ್ತು ಇದನ್ನು ಓದುವ ಹಾಸನ ಜಿಲ್ಲೆಯ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ,

ನಮಸ್ಕಾರ.

ನಾನು ಹಾಸನದಲ್ಲಿ ಪ್ಯಾಂಟು ಶರ್ಟು ಹೊಲಿಯುವವನು. ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ. ಆದರೆ ಈ ಊರಿನ ಗಂಡಸರ ಸೊಂಟ ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ ಅನ್ನುವ ಲೆಕ್ಕ ನನ್ನ ಅಳತೆ ಪುಸ್ತಕಗಳಲ್ಲಿ ಇದೆ. ಮದುವೆಗೆ ಸೂಟ್ ಹೊಲಿಸಿದ ಹುಡುಗ ಮಗುವಿನ ನಾಮಕರಣಕ್ಕೆ ಬಟ್ಟೆ ಹೊಲಿಸಲು ಬರುವಾಗ ಎರಡಿಂಚು ಜಾಸ್ತಿ ಆಗಿರುತ್ತಾನೆ. ಆ ಮಗು ಸ್ಕೂಲಿಗೆ ಸೇರುವ ಹೊತ್ತಿಗೆ ಇನ್ನೆರಡು. ಈಗಂತೂ ರೆಡಿಮೇಡ್ ಬಂದು ಹೊಸ ಹೊಲಿಗೆ ಕಡಿಮೆಯಾಗಿದೆ, ಬರುವುದೆಲ್ಲ ಆಲ್ಟ್ರೇಷನ್. "ಮಾಸ್ಟ್ರೇ, ಸೊಂಟ ಬಿಚ್ಚಿ ಸ್ವಲ್ಪ ಲೂಸ್ ಮಾಡಿಕೊಡಿ, ಒಳಗೆ ಬಟ್ಟೆ ಇದೆ ಅಲ್ವಾ?" ಟೈಟ್ ಮಾಡಿಕೊಡಿ ಅಂತ ಬರುವವರು ಅಪರೂಪ. ಬಂದರೂ ಅವರಲ್ಲಿ ಕೆಲವರು ವ್ಯಾಯಾಮ ಮಾಡಿ ಇಳಿದವರಲ್ಲ, ಶುಗರ್ ಬಂದು ಇಳಿದವರು. ಏನೂ ಮಾಡದೆ ಪ್ಯಾಂಟು ಜಾರೋಕೆ ಶುರುವಾದರೆ ಖುಷಿಪಡಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಗಿರಾಕಿಗಳಿಗೆ ಹೇಳುತ್ತಲೇ ಇರುತ್ತೇನೆ.

ಈ ಪತ್ರ ಯಾಕೆ ಅಂದರೆ, 2025ರ ಮೇ-ಜೂನ್ ತಿಂಗಳನ್ನು ನಾವು ಮರೆಯೋಕೆ ಶುರುಮಾಡಿದ್ದೇವೆ. ಸುಮಾರು 40 ದಿನದಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಟಿವಿಯಲ್ಲಿ ಬೆಳಗಿಂದ ರಾತ್ರಿವರೆಗೆ ಬಂತು. ಇಡೀ ರಾಜ್ಯ ಹಾಸನದ ಕಡೆ ನೋಡಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ ನಿಂತಿತು. ನೀರಿನಲ್ಲಿ ಏನೋ ಇದೆ ಅಂದರು, ಕೋವಿಡ್ ಲಸಿಕೆ ಅಂದರು, ಕೋಳಿ ತಿನ್ನಬೇಡಿ ಅಂದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಉಳಿದವರಲ್ಲಿ ಬಹಳ ಜನರಿಗೆ ನಮಗೆ ಗೊತ್ತಿರುವ ಹಳೆಯ ಕಾರಣಗಳೇ ಇದ್ದವು: ಶುಗರ್, ಬಿಪಿ, ಬೀಡಿ ಸಿಗರೇಟು, ಕುಡಿತ, ಬೊಜ್ಜು. ಆಟೋ, ಕ್ಯಾಬ್ ಓಡಿಸುವವರೂ ಅದರಲ್ಲಿ ಎದ್ದು ಕಾಣುವಷ್ಟು ಇದ್ದರು.

ಅಲ್ಲಿಗೆ ಟಿವಿಯವರು ಹೋದರು, ಕ್ಯೂನೂ ಕರಗಿತು. ಹೊಟ್ಟೆ ಮಾತ್ರ ಅಲ್ಲೇ ಇದೆ.

ಆ ಗಲಾಟೆಯಲ್ಲಿ ಇಸಿಜಿ ಮಾಡಿಸಿಕೊಂಡು ಬಂದವರು ನಮ್ಮ ಅಂಗಡಿಯಲ್ಲಿ ಕೂತು ಕಾಗದ ತೋರಿಸುತ್ತಿದ್ದರು, "ನೋಡಿ ಮಾಸ್ಟ್ರೇ, ನಾರ್ಮಲ್!" ಆ ಸಂಜೆಯೇ ಹೋಗಿ ಗೋಬಿ ತಿಂದರು. ಇಸಿಜಿ ಅನ್ನೋದು ಆ ಹೊತ್ತಿನಲ್ಲಿ ಹೃದಯ ಹೇಗೆ ಬಡಿಯುತ್ತಿದೆ ಅಂತ ತೋರಿಸುತ್ತದೆ ಅಷ್ಟೇ. ರಕ್ತನಾಳದಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟುತ್ತಾ ಬಂದಿದ್ದರೂ ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗಿಯೇ ಬರಬಹುದು. ಇದನ್ನು ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಸೊಂಟದ ಅಳತೆ ಹಾಗಲ್ಲ, ಅದು ಬಹಳ ಮುಂಚೆಯೇ ಹೇಳುತ್ತದೆ. ಹೊಕ್ಕುಳ ಸುತ್ತ, ಒಳಗೆ ಲಿವರ್ ಮತ್ತು ಕರುಳಿನ ಸುತ್ತ ಸೇರಿಕೊಳ್ಳುವ ಕೊಬ್ಬೇ ಶುಗರ್‌ಗೂ ಬಿಪಿಗೂ ದಾರಿ ಮಾಡಿಕೊಡುವುದು. ನಮ್ಮ ದೇಶದವರಿಗೆ ಕೈಕಾಲು ಸಣ್ಣ, ಹೊಟ್ಟೆ ದಪ್ಪ. ತೂಕ ನೋಡಿದರೆ ಪರವಾಗಿಲ್ಲ ಅನಿಸುತ್ತೆ. ಅದಕ್ಕೇ ಬೇರೆ ದೇಶದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ದಾಟಿದರೆ ತೂಕ ಹೆಚ್ಚು ಅಂದರೆ ನಮಗೆ 23ಕ್ಕೇ ಹಾಗೆ ಹೇಳುತ್ತಾರೆ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅನ್ನುವ, ದೇಶದ ಶುಗರ್ ಲೆಕ್ಕ ಹಾಕಿದ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಶುಗರ್ ಇದೆ, ದೊಡ್ಡವರಲ್ಲಿ ನೂರಕ್ಕೆ ಹತ್ತಿರ ಹತ್ತಿರ 40 ಜನರಿಗೆ ಹೊಟ್ಟೆ ಬೊಜ್ಜು ಇದೆ.

ನಮ್ಮವರಿಗೆ ಡಾಕ್ಟರು ಹಾಕಿರುವ ಗೆರೆ ಇದು: ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಅಂದರೆ 35.5 ಇಂಚಿನ ಹತ್ತಿರ. ಹೆಂಗಸರಿಗೆ 80, ಅಂದರೆ 31.5 ಇಂಚು. ಇನ್ನೊಂದು ಸುಲಭದ ಲೆಕ್ಕವೂ ಇದೆ. ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಐದೂವರೆ ಅಡಿ ಎತ್ತರ ಇದ್ದರೆ 33 ಇಂಚಿನೊಳಗೆ.

ಇದನ್ನು ಹೇಳಿದ ಕೂಡಲೇ ಎಲ್ಲರೂ "ನಂದು 34 ಸೈಜ್, ಸರಿಯಾಗಿಯೇ ಇದೆ" ಅನ್ನುತ್ತಾರೆ. ಇಲ್ಲೇ ನನಗೆ ನಗು ಬರುವುದು. ಸ್ವಾಮಿ, ಅದು ಪ್ಯಾಂಟಿನ ಸೈಜು! ಹೊಟ್ಟೆ ಬಂದವರೆಲ್ಲ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಕೆಳಗೆ 34 ಇರುತ್ತೆ, ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿದರೆ 40 ಬರುತ್ತೆ. ಹೊಟ್ಟೆ ಮುಂದೆ ಬಂದಷ್ಟೂ ಬೆಲ್ಟು ಕೆಳಗೆ ಇಳಿಯುತ್ತಾ ಹೋಗುತ್ತದೆ, ಸೈಜು ಅದೇ ಇರುತ್ತದೆ. ಎಷ್ಟೋ ಜನ ಹತ್ತು ವರ್ಷದಿಂದ ಒಂದೇ ಸೈಜಿನಲ್ಲಿದ್ದೇನೆ ಅಂತ ನೆಮ್ಮದಿಯಾಗಿರುವುದು ಹೀಗೆ. ರೆಡಿಮೇಡ್ ಕಂಪನಿಗಳಲ್ಲಂತೂ 34 ಅಂತ ಬರೆದ ಪ್ಯಾಂಟನ್ನು ಅಳೆದರೆ 35, 36 ಬರುವುದೂ ಉಂಟು.

ಹಾಗಾಗಿ ಸರಿಯಾಗಿ ಅಳೆಯೋದು ಹೇಗೆ ಅಂತ ಹೇಳಿಬಿಡುತ್ತೇನೆ, ನನಗೆ ನಿಜವಾಗಿ ಗೊತ್ತಿರುವ ಕೆಲಸ ಇದೊಂದೇ. ಬೆಳಗ್ಗೆ ತಿಂಡಿಗೆ ಮುಂಚೆ ನೆಟ್ಟಗೆ ನಿಲ್ಲಿ. ಶರ್ಟು ಬನಿಯನ್ನು ಮೇಲೆತ್ತಿ. ಪಕ್ಕದಲ್ಲಿ ಕೈಯಾಡಿಸಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತೆ, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತೆ ನೋಡಿ, ಅವೆರಡರ ನಡುವೆ ಟೇಪು ಸುತ್ತಿ. ಹಿಂದೆ ಮುಂದೆ ಒಂದೇ ಮಟ್ಟದಲ್ಲಿ ಇರಬೇಕು, ಬೆನ್ನ ಹಿಂದೆ ಟೇಪು ಜಾರುತ್ತೆ, ಕನ್ನಡಿ ನೋಡಿ ಅಥವಾ ಮನೆಯವರನ್ನು ಕರೆಯಿರಿ. ಬಿಗಿಯೂ ಬೇಡ, ಜೋಲೂ ಬೇಡ. ಮಾಮೂಲಾಗಿ ಉಸಿರು ಬಿಟ್ಟು ಆಗ ನೋಡಿ. ಟೇಪು ಕಂಡರೆ ಸಾಕು ಹೊಟ್ಟೆ ಒಳಗೆ ಎಳೆದು ಉಸಿರು ಹಿಡಿಯೋದು ನಮ್ಮ ಜನರಿಗೆ ಅದೆಲ್ಲಿಂದ ಬಂದ ಅಭ್ಯಾಸವೋ! ಹಾಗೆ ಹಿಡಿದು ಹೊಲಿಸಿದ ಪ್ಯಾಂಟು ಒಂದು ಊಟಕ್ಕೇ ಬಿಗಿಯಾಗಿ ವಾಪಸ್ ಬರುತ್ತೆ. ಇನ್ನೊಂದು ವಿಷಯ, ಹಳೇ ಬಟ್ಟೆ ಟೇಪು ಎಳೆದೂ ಎಳೆದೂ ಉದ್ದವಾಗಿರುತ್ತದೆ, ಅದರಲ್ಲಿ ಅಳೆದರೆ ಸೊಂಟ ಕಡಿಮೆ ತೋರಿಸುತ್ತೆ. ಫೈಬರ್ ಟೇಪು ತಗೊಳ್ಳಿ, ಹತ್ತಿಪ್ಪತ್ತು ರೂಪಾಯಿ.

ಅಧಿಕಾರಿಗಳಿಗೆ ನನ್ನ ಮೊದಲ ಕೋರಿಕೆ ಇಲ್ಲಿಂದ ಬರುತ್ತದೆ. 30 ವರ್ಷ ದಾಟಿದವರನ್ನು ಶುಗರ್, ಬಿಪಿಗೆ ತಪಾಸಣೆ ಮಾಡುವಾಗ ಆಶಾ ಕಾರ್ಯಕರ್ತೆಯರು ತುಂಬುವ ಒಂದು ಫಾರಂ ಇದೆ. ಅದರಲ್ಲಿ ವಯಸ್ಸು, ತಂಬಾಕು, ಕುಡಿತ, ವ್ಯಾಯಾಮ, ಮನೆಯವರ ಕಾಯಿಲೆ ಜೊತೆಗೆ ಸೊಂಟದ ಅಳತೆಗೂ ಅಂಕ ಇದೆ. ಅಂದರೆ ನಾನು ಹೊಸದೇನೂ ಕೇಳುತ್ತಿಲ್ಲ, ನಿಮ್ಮ ಕಾಗದದಲ್ಲಿ ಇರೋದನ್ನೇ ಕೇಳುತ್ತಿದ್ದೇನೆ. ಮನೆ ಬಾಗಿಲಿಗೇ ಬರುವ ಗೃಹ ಆರೋಗ್ಯ ಯೋಜನೆಯೂ ಈಗ ಇದೆ. ಆದರೆ ಹಗಲು ಹೊತ್ತಿನಲ್ಲಿ ಮನೆಗೆ ಹೋದರೆ ಸಿಗೋದು ಅಜ್ಜಿ ತಾತ ಮತ್ತು ಹೆಂಗಸರು. ಮೂವತ್ತೈದು ನಲವತ್ತರ ಗಂಡಸು ಸಿಗುವುದೆಲ್ಲಿ? ಆಟೋ ಸ್ಟ್ಯಾಂಡಿನಲ್ಲಿ, ಎಪಿಎಂಸಿಯಲ್ಲಿ ಆಲೂಗಡ್ಡೆ ಮೂಟೆ ಪಕ್ಕದಲ್ಲಿ, ಬೆಳಗ್ಗೆ ಹಾಲು ಹಾಕುವ ಡೈರಿಯಲ್ಲಿ, ಬಸ್ ಡಿಪೋದಲ್ಲಿ, ಕಟಿಂಗ್ ಶಾಪಿನಲ್ಲಿ. ಅಲ್ಲಿಗೆ ಒಂದು ಟೇಪು, ಒಂದು ಬಿಪಿ ಮಿಷನ್ ತಗೊಂಡು ತಿಂಗಳಿಗೊಂದು ಸಲ ಬನ್ನಿ. ಶಾಮಿಯಾನ, ಮೈಕು, ಹಾರ ಶಾಲು ಇರುವ ಒಂದು ದಿನದ ಶಿಬಿರಕ್ಕಿಂತ ಇದಕ್ಕೆ ಖರ್ಚೂ ಕಮ್ಮಿ.

ಈಗ ಊಟದ ಮಾತು. ಇದು ಜನಕ್ಕೆ.

ಮೊಬೈಲ್ ತೆಗೆದರೆ ಓಟ್ಸ್ ತಿನ್ನಿ, ಅವಕಾಡೊ ತಿನ್ನಿ, ಕಿನೋವಾ ತಿನ್ನಿ. ಅರಕಲಗೂಡಿನಿಂದ ಬೆಳಗ್ಗೆ ಬಸ್ಸು ಹತ್ತಿ ಬರುವ ಮನುಷ್ಯ ಇದನ್ನೆಲ್ಲ ಎಲ್ಲಿಂದ ತರಬೇಕು? ನಮ್ಮ ಜಿಲ್ಲೆಯ ಒಂದು ಕಡೆ ರಾಗಿ, ಇನ್ನೊಂದು ಕಡೆ ಭತ್ತ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುದ್ದೆ, ಸಕಲೇಶಪುರದ ಕಡೆ ಅಕ್ಕಿ ರೊಟ್ಟಿ, ಕಡುಬು. ಇವನ್ನು ಬಿಡಿ ಅಂತ ಹೇಳಿದ ಡಯಟ್ ಒಂದು ತಿಂಗಳೂ ಉಳಿಯಲ್ಲ. ಬಿಡುವ ಅಗತ್ಯವೂ ಇಲ್ಲ.

ಆದರೆ ಮುದ್ದೆಯ ಬಗ್ಗೆ ಒಂದು ಭ್ರಮೆ ಇದೆ, ಅದನ್ನು ಹೇಳಿದರೆ ನಮ್ಮ ಕಡೆಯವರಿಗೆ ಕೋಪ ಬರುತ್ತೆ. ಮುದ್ದೆ ತಿಂದರೆ ದಪ್ಪ ಆಗಲ್ಲ, ಶುಗರ್ ಬರಲ್ಲ ಅಂತ ನಂಬಿಕೊಂಡಿದ್ದೇವೆ. ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, 11 ಗ್ರಾಂ ನಾರು ಇದೆ, ಪಾಲಿಶ್ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇಲ್ಲ. ಆದರೆ ಕ್ಯಾಲರಿ ನೋಡಿದರೆ ಆ 100 ಗ್ರಾಂ ಹಿಟ್ಟಿಗೆ 320ರ ಹತ್ತಿರ, ಅಕ್ಕಿಗೆ 350ರ ಹತ್ತಿರ. ದೊಡ್ಡ ವ್ಯತ್ಯಾಸ ಏನಿಲ್ಲ. ನಮ್ಮ ತಾತ ಎರಡು ದೊಡ್ಡ ಮುದ್ದೆ ತಿಂದು ಸಂಜೆವರೆಗೆ ಉಳುಮೆ ಮಾಡುತ್ತಿದ್ದರು. ನಾನು ಅದೇ ಎರಡು ಮುದ್ದೆ ತಿಂದು ಮಿಷನ್ ಮುಂದೆ ಕೂರುತ್ತೇನೆ, ಆ ಮಿಷನ್‌ಗೂ ಈಗ ಮೋಟರ್ ಇದೆ, ಪೆಡಲ್ ತುಳಿಯುವ ಕೆಲಸವೂ ಹೋಯ್ತು. ಅದರ ಮೇಲೆ "ಮುದ್ದೆ ಆಯ್ತು, ಈಗ ಸ್ವಲ್ಪ ಅನ್ನ" ಅಂತ ಎರಡು ಸಲ ಅನ್ನ, ಸಾರಿಗೊಮ್ಮೆ, ಮಜ್ಜಿಗೆಗೊಮ್ಮೆ. ಇನ್ನೂ ಒಂದಿದೆ. ಮುದ್ದೆಯನ್ನು ನಾವು ಅಗಿಯಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿತು ಅಂತ ಗೊತ್ತಾಗುವ ಮೊದಲೇ ತಟ್ಟೆ ಖಾಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಊಟದ ಮಾರ್ಗಸೂಚಿ ಹೊರತಂದಿತು. ಹೆಚ್ಚು ಮೈಮುರಿದು ದುಡಿಯದ ದೊಡ್ಡವರಿಗೆ ದಿನಕ್ಕೆ 2000 ಕ್ಯಾಲರಿ ಲೆಕ್ಕದಲ್ಲಿ ಅದರಲ್ಲಿ ಹೇಳಿರುವುದು: ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಬೇಳೆ ಕಾಳು 85 ಗ್ರಾಂ, ಹಾಲು ಮೊಸರು 300 ಮಿಲಿ, ಹಣ್ಣು 100 ಗ್ರಾಂ, ಸ್ವಲ್ಪ ಕಡಲೆಕಾಯಿ ಎಳ್ಳಿನಂಥದ್ದು, ಎಣ್ಣೆ 27 ಗ್ರಾಂ. ಈಗ ನಿಮ್ಮ ತಟ್ಟೆ ನೋಡಿ. ತರಕಾರಿ ಧಾನ್ಯಕ್ಕಿಂತ ಜಾಸ್ತಿ ಇರಬೇಕಂತೆ! ನಮ್ಮಲ್ಲಿ ಪಲ್ಯ ಅಂದರೆ ತಟ್ಟೆಯ ಮೂಲೆಯಲ್ಲಿ ಒಂದು ಚಮಚ. ಸಾರಿನಲ್ಲಿ ಕಾಳು ಹುಡುಕಬೇಕು. 

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ, ಅದರ ಹೆಸರು ಬಸ್ಸಾರು. ಕಾಳು, ಸೊಪ್ಪು ಬೇಯಿಸಿ ಬಸಿದು, ಬಸಿದ ಕಟ್ಟಿಗೆ ಖಾರ ಹಾಕಿ ಸಾರು, ಬೆಂದ ಸೊಪ್ಪು ಕಾಳಿನದ್ದು ಪಲ್ಯ. ಇದಕ್ಕಿಂತ ಒಳ್ಳೆಯ ತೂಕ ಇಳಿಸುವ ಊಟ ಯಾವ ಕಂಪನಿಯ ಡಬ್ಬಿಯಲ್ಲೂ ಸಿಗಲ್ಲ, ನನ್ನ ಮಟ್ಟಿಗಂತೂ ಇದು ಕೊನೆ ಮಾತು. ಮಾಡಬೇಕಾದ್ದು ಇಷ್ಟೇ, ಅಳತೆ ಉಲ್ಟಾ ಮಾಡಿ. ಪಲ್ಯ ತಟ್ಟೆಯ ಅರ್ಧ ಹಾಕಿಸಿಕೊಂಡು ಮೊದಲು ಅದನ್ನೇ ತಿನ್ನಿ. ಆಮೇಲೆ ಒಂದು ಮುದ್ದೆ, ಸಣ್ಣದು. ಅನ್ನ ಬೇಕೇ ಬೇಕು ಅನ್ನುವವರು ಮುದ್ದೆ ಅರ್ಧ ಮಾಡಿ. ಹುರುಳಿಕಾಳಿನಲ್ಲಿ ನೂರು ಗ್ರಾಂಗೆ 21 ಗ್ರಾಂ ದಾಟಿ ಪ್ರೋಟೀನ್ ಇದೆ, ರಾಗಿಯಲ್ಲಿ ಏಳು. ಮೊಳಕೆ ಹುರುಳಿ, ಅಲಸಂದೆ, ಹೆಸರುಕಾಳು, ಕಾಲಕ್ಕೆ ತಕ್ಕ ಹಾಗೆ ಅವರೆಕಾಳು. ಅವರೆ ಕಾಲದಲ್ಲಿ ಮೂರು ಹೊತ್ತೂ ಅವರೆ ತಿನ್ನುವ ಜನ ನಾವು, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ತಕರಾರು ಇರೋದು ಅದೇ ಅವರೆಬೇಳೆಯನ್ನು ಎಣ್ಣೆಯಲ್ಲಿ ಕರಿದು ಟಿವಿ ಮುಂದೆ ಕಾಲು ಕೆಜಿ ಮುಗಿಸುವುದರ ಬಗ್ಗೆ. ಮಾಂಸ ತಿನ್ನುವವರು ಸಾರಿನ ಪೀಸು ತಿನ್ನಿ, ಮೇಲೆ ತೇಲುವ ಕೊಬ್ಬು ಬಿಡಿ. ಮೊಟ್ಟೆ ಒಂದಕ್ಕೆ ಆರು ಗ್ರಾಂ ಪ್ರೋಟೀನ್, ಬೇಯಿಸಿದ್ದು ತಿಂದರೆ ಬೆಳಗ್ಗೆ ಹನ್ನೊಂದಕ್ಕೆ ಬನ್ನು ನೆನಪಾಗಲ್ಲ.

ಬನ್ನು ಅಂದೆನಲ್ಲ. ಬೆಂಗಳೂರಿಗೆಲ್ಲ ಅಯ್ಯಂಗಾರ್ ಬೇಕರಿಯವರನ್ನು ಕಳಿಸಿಕೊಟ್ಟ ಜಿಲ್ಲೆ ನಮ್ಮದು, ಬೇಕರಿಯನ್ನು ಬೈದರೆ ಊರಿಗೆ ದ್ರೋಹ. ಬೈಯಲ್ಲ. ದಿಲ್‌ಪಸಂದ್ ತಿನ್ನಿ, ತಿಂಗಳಿಗೊಮ್ಮೆ ಹಬ್ಬದ ಹಾಗೆ ತಿನ್ನಿ. ದಿನಾ ಸಂಜೆ ಟೀ ಜೊತೆ ಪಫ್ಸ್, ಅದರ ಹಿಂದೆ ಖಾರಾ ಬನ್ನು ಅಂತಾದರೆ ಮಾತ್ರ ನನ್ನ ಅಂಗಡಿಗೆ ಬರಬೇಕಾಗುತ್ತೆ, ಪ್ಯಾಂಟು ಬಿಚ್ಚಿಸೋಕೆ.

ಕಾಫಿಯ ಲೆಕ್ಕವನ್ನೂ ಒಮ್ಮೆ ಮಾಡೋಣ. ಕಾಫಿ ಬೆಳೆಯುವ ಜಿಲ್ಲೆ, ದಿನಕ್ಕೆ ಐದು ಲೋಟ ಅನ್ನೋದು ಸಾಮಾನ್ಯ. ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಐದು ಗ್ರಾಂ. ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕೆಜಿ ಸಕ್ಕರೆ ಒಬ್ಬರ ಹೊಟ್ಟೆಗೆ. ದಿನಕ್ಕೆ 25 ಗ್ರಾಂ ಒಳಗಿರಲಿ ಅನ್ನೋದು ಒಳ್ಳೆಯ ಸಲಹೆ, ನಾವು ಬರೀ ಕಾಫಿಯಲ್ಲೇ ಅದರ ಎರಡರಷ್ಟು ಮುಗಿಸಿರುತ್ತೇವೆ. "ನಾನು ಬೆಲ್ಲ ಹಾಕಿಕೊಳ್ಳೋದು" ಅನ್ನಬೇಡಿ, ಬೆಲ್ಲದ ಕ್ಯಾಲರಿಯೂ ಹೆಚ್ಚು ಕಡಿಮೆ ಅಷ್ಟೇ. ವಾರಕ್ಕೆ ಅರ್ಧರ್ಧ ಚಮಚ ಕಡಿಮೆ ಮಾಡುತ್ತಾ ಬಂದರೆ ನಾಲಿಗೆ ತಾನೇ ಒಗ್ಗುತ್ತೆ, ಹೋಟೆಲಿನಲ್ಲಿ "ಸಕ್ಕರೆ ಕಮ್ಮಿ" ಅಂತ ಹೇಳೋಕೆ ಸಂಕೋಚ ಬೇಡ. 

ಎಣ್ಣೆ, ಉಪ್ಪಿಗೆ ಚಮಚ ಹಿಡಿದು ಕೂರುವುದು ಆಗದ ಮಾತು. ತಿಂಗಳ ರೇಷನ್ ಚೀಟಿಯಲ್ಲೇ ಹಿಡಿಯಬೇಕು. ಮೇಲೆ ಹೇಳಿದ 27 ಗ್ರಾಂ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ತಿಂಗಳಿಗೆ ಎಲ್ಲ ಎಣ್ಣೆ ತುಪ್ಪ ಸೇರಿ ಮೂರೂವರೆ ಲೀಟರ್ ಸಾಕು. ಹೊರಗೆ ತಿನ್ನುವವರಿದ್ದರೆ ಇನ್ನೂ ಕಡಿಮೆ. ಉಪ್ಪು ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಕೆಜಿ ಪ್ಯಾಕೆಟ್ ನಾಲ್ಕು ಜನಕ್ಕೆ ಒಂದೂವರೆ ತಿಂಗಳ ಮೇಲೆ ಬರಬೇಕು, ಉಪ್ಪಿನಕಾಯಿ ಹಪ್ಪಳದ ಉಪ್ಪು ಬೇರೆ ಇದೆ ಅನ್ನೋದು ನೆನಪಿರಲಿ. ಎಷ್ಟು ಮನೆಯಲ್ಲಿ ಬರುತ್ತೆ, ನೀವೇ ನೋಡಿ. ಇನ್ನು ಕುಡಿಯುವವರಿಗೆ ಒಂದೇ ಮಾತು. ಒಂದು ಕ್ವಾರ್ಟರ್‌ನಲ್ಲಿ 400ಕ್ಕೂ ಹೆಚ್ಚು ಕ್ಯಾಲರಿ ಇದೆ, ಜೊತೆಯ ಕಬಾಬು ಶೇಂಗಾ ಬಿಟ್ಟು. ಕುಡಿದ ಮೇಲೆ ಮುದ್ದೆ ಬಿಟ್ಟು ಡಯಟ್ ಮಾಡ್ತೀನಿ ಅನ್ನುವವರನ್ನು ನೋಡಿದ್ದೇನೆ.

ಬೀಗರ ಊಟದ ಬಗ್ಗೆ ಏನೂ ಹೇಳಲ್ಲ. ಅದಕ್ಕೆ ಯಾರ ಉಪದೇಶವೂ ನಾಟಲ್ಲ. ಹೋಗಿ, ಉಣ್ಣಿ, ಮಾರನೇ ದಿನ ಹೊಟ್ಟೆಗೆ ಸ್ವಲ್ಪ ರಜ ಕೊಡಿ.

ಆಹಾರ ಸುರಕ್ಷತೆ ಅಧಿಕಾರಿಗಳೇ, ಇಲ್ಲಿ ನಿಮ್ಮದೂ ಕೆಲಸ ಇದೆ. 2024ರ ಮಾರ್ಚ್‌ನಲ್ಲಿ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ನಿಷೇಧ ಮಾಡಿತು, ಒಳ್ಳೆಯದಾಯಿತು. ಬಣ್ಣ ಹೋಯ್ತು, ಆದರೆ ಬೆಳಗಿನ ಎಣ್ಣೆಯಲ್ಲೇ ರಾತ್ರಿವರೆಗೆ ಕರಿಯುವುದು ಹೋಗಲಿಲ್ಲ. ಕಾದೂ ಕಾದೂ ಕೆಟ್ಟ ಎಣ್ಣೆಗೆ ಒಂದು ಮಿತಿ ಇದೆ, ಅದರಲ್ಲಿ ಪೋಲಾರ್ ಕಾಂಪೌಂಡ್, ಅಂದರೆ ಎಣ್ಣೆ ಕಾದು ಕೆಟ್ಟಾಗ ಹುಟ್ಟುವ ಅಂಶ, ಶೇ. 25 ದಾಟಿದರೆ ಬಳಸಬಾರದು ಅನ್ನುವ ನಿಯಮ 2018ರಿಂದಲೇ ಜಾರಿಯಲ್ಲಿದೆ. ಬಾಣಲೆಯಲ್ಲಿ ಅದ್ದಿ ನೋಡುವ ಮೀಟರ್ ಕೂಡ ಬರುತ್ತದಂತೆ. ದಂಡ ಹಾಕಿ ಅನ್ನುತ್ತಿಲ್ಲ, ತಳ್ಳುಗಾಡಿಯವನೂ ಹೊಟ್ಟೆಪಾಡಿಗೆ ಮಾಡೋದು. ಸಂಜೆ ಹೊತ್ತು ಬಂದು ಮೀಟರ್ ಅದ್ದಿ ಎಣ್ಣೆ ಬದಲಾಯಿಸು ಅಂತ ಹೇಳಿ ಹೋಗಿ, ಎರಡು ಸಲ ಬಂದರೆ ಮೂರನೇ ಸಲ ತಾನೇ ಬದಲಾಯಿಸುತ್ತಾನೆ.

ಇನ್ನು ಗೋಡೆ ಗೋಡೆಗೂ ಅಂಟಿಸಿರುವ ಆ ಚೀಟಿ: "15 ದಿನದಲ್ಲಿ 10 ಕೆಜಿ ಇಳಿಸಿ, ಗ್ಯಾರಂಟಿ". ಬೆಳಗ್ಗೆ ಒಂದು ರೂಮಿನಲ್ಲಿ ಸೇರಿಸಿ, ಚಪ್ಪಾಳೆ ಹೊಡೆಸಿ, ಶೇಕ್ ಕುಡಿಸಿ ಡಬ್ಬಿ ಮಾರುತ್ತಾರಲ್ಲ, ಅವರದ್ದು. ಲೆಕ್ಕ ಮಾಡಿ. ಒಂದು ಕೆಜಿ ಕೊಬ್ಬು ಕರಗಬೇಕು ಅಂದರೆ ಸುಮಾರು 7700 ಕ್ಯಾಲರಿ ಕಡಿಮೆ ಆಗಬೇಕು. ಹತ್ತು ಕೆಜಿಗೆ 77,000. ಹದಿನೈದು ದಿನಕ್ಕೆ ಹಂಚಿದರೆ ದಿನಕ್ಕೆ 5000ಕ್ಕೂ ಜಾಸ್ತಿ. ನಾವು ದಿನಕ್ಕೆ ತಿನ್ನುವುದೇ ಎರಡು ಸಾವಿರದ ಆಸುಪಾಸು. ಹನಿ ನೀರು ಕುಡಿದುಕೊಂಡು ಕೂತರೂ ಅಷ್ಟು ಕೊಬ್ಬು ಇಳಿಯಲ್ಲ! ಮೊದಲ ವಾರ ಇಳಿಯೋದು ಹೆಚ್ಚಾಗಿ ನೀರು, ಆಮೇಲೆ ಮಾಂಸಖಂಡ. ಡಬ್ಬಿ ಬಿಟ್ಟ ಮೇಲೆ ಎಲ್ಲ ವಾಪಸ್. ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು ಅಂತ ಅದೇ ಪೋಷಣಾ ಸಂಸ್ಥೆ ಹೇಳುತ್ತದೆ. ತಿಂಗಳಿಗೆ ಎರಡು ಕೆಜಿ, ನಿಧಾನ ಅನಿಸಬಹುದು, ಆದರೆ ದೀಪಾವಳಿಗೆ ಶುರುಮಾಡಿದವರು ಯುಗಾದಿಗೆ ಹೊಸ ಪ್ಯಾಂಟು ಹೊಲಿಸಬೇಕಾಗುತ್ತೆ. ತೂಕ ಇಳಿಸುವ ಇಂಜೆಕ್ಷನ್‌ಗಳು 2025ರಿಂದ ನಮ್ಮ ದೇಶದಲ್ಲೂ ಸಿಗುತ್ತಿವೆ. ಅವು ಡಾಕ್ಟರ್ ನೋಡಿ ಬರೆದುಕೊಡಬೇಕಾದ ಔಷಧಿ, ಸ್ನೇಹಿತ ತಗೊಂಡ ಅಂತ ತಗೊಳ್ಳುವ ಸಾಮಾನಲ್ಲ.

ವ್ಯಾಯಾಮದ ವಿಷಯಕ್ಕೆ ಬಂದರೆ ನಮ್ಮಲ್ಲಿ ಒಂದು ವಾದ ತಯಾರಾಗಿ ಕೂತಿರುತ್ತೆ. "ಅಪ್ಪು ಅಷ್ಟು ಜಿಮ್ ಮಾಡ್ತಿದ್ರು, ಏನಾಯ್ತು?" 2021ರಲ್ಲಿ ಅಪ್ಪು 46ನೇ ವಯಸ್ಸಿಗೆ ಹೋದಾಗ ಅತ್ತವರಲ್ಲಿ ನಾನೂ ಒಬ್ಬ. ಆದರೆ ಆ ದುಃಖವನ್ನು ಮನೆಯಲ್ಲಿ ಕೂರೋಕೆ ನೆಪ ಮಾಡಿಕೊಳ್ಳುವುದು ಅವರಿಗೆ ಮಾಡುವ ಮರ್ಯಾದೆ ಅಲ್ಲ. ಕೂತು ತಿನ್ನುವವರಿಗಿಂತ ಓಡಾಡುವವರ ಹೃದಯ ಗಟ್ಟಿ ಅನ್ನೋದರಲ್ಲಿ ಡಾಕ್ಟರುಗಳಿಗೆ ಅನುಮಾನವೇ ಇಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ, ಇದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬಿರುಸು ಅಂದರೆ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಸ್ನಾಯುಗಳಿಗೆ ಜಿಮ್ಮೇ ಬೇಕಂತಿಲ್ಲ, ಬಸ್ಕಿ ಹೊಡೆಯಿರಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಯಿರಿ. ಮಂಡಿ ನೋವಿದ್ದವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನೇ ಹತ್ತು ಸಲ ಮಾಡಿ. ಶ್ರವಣಬೆಳಗೊಳದ ಆರುನೂರು ಚಿಲ್ಲರೆ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತೆ ಯಾರ ಕಾಲು ಯಾವ ಸ್ಥಿತಿಯಲ್ಲಿದೆ ಅಂತ.

ಆದರೆ ಬರೀ ನಡೆದು ತೂಕ ಇಳಿಸುತ್ತೇನೆ ಅಂದರೆ ಮೋಸ ಹೋಗುತ್ತೀರಿ. ಅರ್ಧ ಗಂಟೆ ಜೋರಾಗಿ ನಡೆದರೆ ಹೋಗುವುದು ಸುಮಾರು 150 ಕ್ಯಾಲರಿ ಅಷ್ಟೇ. ಮಹಾರಾಜ ಪಾರ್ಕಿನಲ್ಲಿ ಮೂರು ಸುತ್ತು ಹಾಕಿ, ಹೊರಗೆ ಬಂದು, ಗುಂಪಾಗಿ ನಿಂತು, ಎರಡು ಇಡ್ಲಿ ಒಂದು ವಡೆ, ಮೇಲೊಂದು ಕಾಫಿ ಹೊಡೆಯುವ ವಾಕಿಂಗ್ ಸ್ನೇಹಿತರೇ, ನೀವು ಹೋಗುವಾಗ ಇದ್ದದ್ದಕ್ಕಿಂತ ಭಾರವಾಗಿ ಮನೆಗೆ ಹೋಗುತ್ತಿದ್ದೀರಿ. ನಡಿಗೆ ಬಿಡಬೇಡಿ, ಅದು ಬಿಪಿಗೆ, ಶುಗರ್‌ಗೆ, ನಿದ್ದೆಗೆ, ಮನಸ್ಸಿಗೆ ಬೇಕು. ವಡೆ ಬಿಡಿ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಊಟದ ನಂತರ ಏರುವ ಶುಗರ್ ತಗ್ಗುತ್ತದೆ. ಅಂಗಡಿಯವರು, ಡ್ರೈವರ್‌ಗಳು, ಆಫೀಸಿನವರು ಇದನ್ನು ಸುಲಭವಾಗಿ ಮಾಡಬಹುದು. ಆಟೋದವರು ಬಾಡಿಗೆಗೆ ಕಾಯುವಾಗ ಸೀಟಿನಲ್ಲಿ ಕೂತು ಮೊಬೈಲ್ ನೋಡುವ ಬದಲು ಸ್ಟ್ಯಾಂಡ್ ಸುತ್ತ ನಡೆಯಬಹುದು. ನಾನು ಪ್ರತಿ ಪ್ಯಾಂಟು ಮುಗಿದ ಮೇಲೆ ಎದ್ದು ರಸ್ತೆ ಕೊನೆವರೆಗೆ ಹೋಗಿ ಬರುತ್ತೇನೆ, ಗಿರಾಕಿ ಕಾಯಲಿ ಬಿಡಿ.

ಹೆಂಗಸರ ವಿಷಯ ಬೇರೆ. ಬೆಳಗ್ಗೆ ತಿಂಡಿ ಡಬ್ಬಿ, ಸಂಜೆ ಅಡುಗೆ. ನಡುವೆ ಸಮಯ ಸಿಕ್ಕಿದರೂ ಎಲ್ಲಿ ನಡೆಯಬೇಕು? ನೈಟಿ ಮೇಲೊಂದು ವೇಲು ಹಾಕಿಕೊಂಡು ಮನೆ ಮುಂದಿನ ರಸ್ತೆಯಲ್ಲೇ ಅತ್ತಿಂದಿತ್ತ ಓಡಾಡುತ್ತಾರೆ, ಗಾಡಿ ಬಂದಾಗ ಗೇಟಿಗೆ ಒರಗಿ ನಿಲ್ಲುತ್ತಾರೆ. ಫುಟ್‌ಪಾತ್ ಇದ್ದ ಕಡೆ ಅದರ ಮೇಲೆ ಬೈಕು, ಬೋರ್ಡು, ಮರಳಿನ ರಾಶಿ. ಇಲ್ಲದ ಕಡೆ ಚರಂಡಿ ಕಲ್ಲು. ಮುಂಜಾನೆ ಐದಕ್ಕೆ ಕತ್ತಲು, ನಾಯಿಗಳ ಕಾಟ. ವ್ಯಾಯಾಮ ಮಾಡಿ ಅಂತ ಪೋಸ್ಟರ್ ಹಾಕುವ ದುಡ್ಡಿನಲ್ಲಿ, ಮಾನ್ಯರೇ, ಬಡಾವಣೆಗೊಂದು ಸುತ್ತು ದಾರಿ ಗುರುತು ಮಾಡಿಕೊಡಿ. ಒಂದು ಕಿಲೋಮೀಟರ್ ಇದ್ದರೂ ಸಾಕು. ಆ ದಾರಿಯಲ್ಲಿ ಕಲ್ಲು ಎಡವದಂತಿರಲಿ, ಬೆಳಗ್ಗೆ ಐದರಿಂದ ದೀಪ ಇರಲಿ, ಗಾಡಿ ನಿಲ್ಲಿಸದಂತೆ ಮಾಡಿ. ಸರ್ಕಾರಿ ಶಾಲೆಗಳ ಮೈದಾನವನ್ನು ಸಂಜೆ ಐದರಿಂದ ಏಳರವರೆಗೆ ಸುತ್ತಮುತ್ತಲಿನವರಿಗೆ ತೆರೆದಿಡಿ. ಪಾರ್ಕುಗಳಲ್ಲಿ ಹೆಂಗಸರಿಗೆ ಬೀಗ ಹಾಕದ ಶೌಚಾಲಯ ಇರಲಿ, ಎಷ್ಟೋ ಜನ ವಯಸ್ಸಾದ ಅಮ್ಮಂದಿರು ವಾಕಿಂಗ್‌ಗೆ ಬರದಿರುವುದು ಇದೊಂದೇ ಕಾರಣಕ್ಕೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ನಲವತ್ತು ದಾಟಿದವರು, ಶುಗರ್ ಬಿಪಿ ಇರುವವರು, ಬಹಳ ವರ್ಷದಿಂದ ಕೂತಲ್ಲೇ ಕೂತವರು ಈ ಪತ್ರ ಓದಿ ನಾಳೆಯೇ ಓಡೋಕೆ ಹೋಗಬೇಡಿ. ಒಮ್ಮೆ ಡಾಕ್ಟರಿಗೆ ತೋರಿಸಿ, ನಿಧಾನವಾಗಿ ಶುರುಮಾಡಿ. ನಡೆಯುವಾಗ ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹಬ್ಬಿದರೆ, ತಣ್ಣಗೆ ಬೆವರಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ನಮ್ಮ ಜನರ ಪ್ರಾಣ ತೆಗೆಯುವುದರಲ್ಲಿ ಆ ಸೋಡಾದ ಪಾಲೂ ಇದೆ ಅಂತ ನನಗನಿಸುತ್ತೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೃದಯಾಘಾತ ಅಂತ ಗೊತ್ತಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನನ್ನು ಪುಕ್ಕಟೆ ಕೊಡುತ್ತಾರೆ. ಇಸಿಜಿ ನಿಜವಾಗಿ ಬೇಕಾಗುವುದು ಆಗ. ಹೀಗೊಂದು ಸೌಲಭ್ಯ ಇದೆ ಅಂತ ನಮ್ಮ ಅಂಗಡಿಗೆ ಬರುವ ಆಲೂರು, ಬೇಲೂರಿನ ಕಡೆಯ ಬಹಳಷ್ಟು ಜನಕ್ಕೆ ಗೊತ್ತೇ ಇಲ್ಲ. ಬಸ್ಸಿನ ಹಿಂದೆ ನಾಯಕರ ಹುಟ್ಟುಹಬ್ಬದ ಫೋಟೋ ಹಾಕುವ ಜಾಗದಲ್ಲಿ ಇದನ್ನು ಬರೆಸಬಹುದಲ್ವಾ?

ಕೊನೆಗೆ ನನ್ನ ಕಡೆಯಿಂದ ಏನು ಆಗುತ್ತೆ ಹೇಳುತ್ತೇನೆ. ನಮ್ಮ ಬೀದಿಯ ಟೈಲರ್‌ಗಳ ಜೊತೆ ಮಾತಾಡಿದ್ದೇನೆ, ಹೆಂಗಸರ ಬಟ್ಟೆ ಹೊಲಿಯುವ ಅಕ್ಕಂದಿರೂ ಒಪ್ಪಿದ್ದಾರೆ. ಅಂಗಡಿಗೆ ಯಾರೇ ಬಂದರೂ, ಹೊಲಿಸಲಿ ಬಿಡಲಿ, ದುಡ್ಡು ತಗೊಳ್ಳದೆ ಹೊಟ್ಟೆಯ ಸುತ್ತಳತೆ ತೆಗೆದು ಚೀಟಿಯಲ್ಲಿ ಬರೆದುಕೊಡುತ್ತೇವೆ, ತಾರೀಖು ಸಮೇತ. ಮೂರು ತಿಂಗಳಿಗೊಮ್ಮೆ ಬಂದು ಅದೇ ಚೀಟಿಯಲ್ಲಿ ಬರೆಸಿಕೊಂಡು ಹೋಗಲಿ. ಆರೋಗ್ಯ ಇಲಾಖೆಯವರಿಂದ ನಮಗೆ ಬೇಕಾದ್ದು ಎರಡೇ. ಒಂದು, ಸರಿಯಾದ ಅಳತೆಯ ಒಂದೊಂದು ಟೇಪು. ಎರಡು, ಗೆರೆ ದಾಟಿದ ಚೀಟಿ ಹಿಡಿದುಕೊಂಡು ಬಂದವರನ್ನು ಯಾವ ಆರೋಗ್ಯ ಕೇಂದ್ರಕ್ಕೆ, ಯಾವ ವಾರ, ಎಷ್ಟು ಹೊತ್ತಿಗೆ ಕಳಿಸಬೇಕು, ಅಲ್ಲಿ ಶುಗರ್ ಬಿಪಿ ನೋಡುವವರು ಯಾರಿರುತ್ತಾರೆ ಅಂತ ಒಂದು ಕಾಗದದಲ್ಲಿ ಬರೆದುಕೊಡಿ. ಅಂಗಡಿಯಲ್ಲಿ ಅಂಟಿಸಿಕೊಳ್ಳುತ್ತೇವೆ.

ಇತಿ,
ಹಾಸನದ ಒಬ್ಬ ಟೈಲರ್